ಯಲ್ಲಾಪ್ರಗಡ ಸುಬ್ಬರಾಯರು

ಮೆಹದಿಪಟ್ಟಣದಲ್ಲಿ ನೆಲಸಿರುವ ನಾವು, ನಮಗೆ ಆಶ್ರಯವಿತ್ತ ತೆಲುಗರ ಈ ಸುಪುತ್ರನನ್ನು ರಾಜ್ಯೋತ್ಸವದಂದು ಸ್ಮರಿಸುವುದು ಉಚಿತವೇ ಸರಿ.

1895ರಲ್ಲಿ ಭೀಮವರದಲ್ಲಿ ಜನಿಸಿದ ಸುಬ್ಬರಾಯರು, ಸ್ಪ್ರೂ ಎಂಬ ಕರುಳಿನ ರೋಗಕ್ಕೆ ಅಣ್ಣನನ್ನು ಕಳೆದುಕೊಂಡರು. ಮುಂದೆ ಅಮೆರಿಕೆಗೆ ತೆರಳಿ, ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿ ದುಡಿದು ಹಾರ್ವರ್ಡಿನಲ್ಲಿ ಓದಿದರು. 1925ರಲ್ಲಿ ಫಿಸ್ಕ್‌ರೊಡನೆ ರಕ್ತಮೂತ್ರಗಳಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಮಾಲಿಬ್ಡೇಟ್ ಮೊದಲಾದುವನ್ನು ಬೆರೆಸಿದಾಗ ಮೂಡುವ ನೀಲಿ ಗಾಢವಾದಷ್ಟೂ ರಂಜಕ ಹೆಚ್ಚೆಂದು ತಿಳಿಯುವುದು. ಮುಂದೆ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡದವರು 1945ರಲ್ಲಿ ಸಿದ್ಧಪಡಿಸಿದ ಫೋಲಿಕ್ ಆಮ್ಲವು, ಅಣ್ಣನನ್ನು ಕೊಂದ ಆ ರೋಗಕ್ಕೇ ಮದ್ದಾಯಿತು. 1948ರಲ್ಲಿ, ತಾಯ್ನಾಡಿಗೆ ಮರಳದೆಯೇ, ಅವರು ತೀರಿಕೊಂಡರು.

ಇಂದು ನಮ್ಮ ಹಿರಿಯರು ಪಟ್ಟಿಯ ಮೇಲೆ ಹನಿ ರಕ್ತವಿಟ್ಟು, ಅಲ್ಲಿ ಹುಟ್ಟುವ ವಿದ್ಯುತ್ತಿನಿಂದ ಸಕ್ಕರೆಯ ಪ್ರಮಾಣವನ್ನು ಅರಿಯುತ್ತಾರೆ. ವಿಧಾನ ಬೇರೆ; ಅಳೆದು ತಿಳಿದು ಮದ್ದು ಕೊಡಬೇಕೆಂಬ ಮಾರ್ಗ ಒಂದೇ.