ಒಂದೇ ಮನೆಯ ಮೂವರು ಸೈನಿಕರು: ಜನರಲ್ ತಿಮ್ಮಯ್ಯ ಮತ್ತು ಅವರ ಕುಟುಂಬ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾಡಿನ ಹಿರಿಯರೊಬ್ಬರ ಬಗ್ಗೆ ಬರೆಯಲು ಸಮಿತಿಯವರು ಹೇಳಿದಾಗ ನಾನು ಜನರಲ್ ಕೆ.ಎಸ್. ತಿಮ್ಮಯ್ಯನವರನ್ನು ಆರಿಸಿಕೊಂಡೆ. ಅವರು ದಾವಣಗೆರೆಯವರಲ್ಲ, ಹರಿಹರದವರೂ ಅಲ್ಲ. ಆದರೆ ನಮ್ಮ ಶಾಲೆಯ ಮೈದಾನದಲ್ಲಿ ಓಡಿ ಅಭ್ಯಾಸ ಮಾಡಿ ಸೇನೆಗೆ ಸೇರಿದ ಹುಡುಗರಿದ್ದಾರೆ. ಅವರ ಮನೆಯವರಿಗೆ ಈ ಕಥೆ ಹತ್ತಿರದ್ದು ಎಂದು ನನಗನಿಸಿತು. ಇದು ಒಬ್ಬ ಸೇನಾನಿಯ ಕಥೆ ಮಾತ್ರವಲ್ಲ, ಒಂದು ಮನೆಯ ಕಥೆ.

ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ. ಆಗ ಹರಿಹರ ಮೈಸೂರು ಸಂಸ್ಥಾನದ ಗಡಿ ಊರು. ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯ. ಕೊಡಗು ಬ್ರಿಟಿಷರ ನೇರ ಆಡಳಿತದಲ್ಲಿತ್ತು. ತಂದೆ ಕೊಡಂದೇರ ಸುಬ್ಬಯ್ಯನವರು ಕಾಫಿ ಬೆಳೆಗಾರರು. ತಾಯಿ ಓದಿದವರು, ಸಮಾಜ ಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಪಡೆದವರು. ಆರು ಮಕ್ಕಳಲ್ಲಿ ಪೊನ್ನಪ್ಪ, ತಿಮ್ಮಯ್ಯ, ಸೋಮಯ್ಯ ಈ ಮೂವರೂ ಸೇನಾಧಿಕಾರಿಗಳಾದರು.

ತಿಮ್ಮಯ್ಯ ಡೆಹ್ರಾಡೂನಿನ ಸೈನಿಕ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು. ದೇಶದಲ್ಲಿ ಸ್ವಾತಂತ್ರ್ಯ ಚಳವಳಿ ನಡೆಯುತ್ತಿರುವಾಗ ಬ್ರಿಟಿಷರ ಸಮವಸ್ತ್ರ ತೊಡುವುದು ಸರಿಯೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರು ಸೇನೆ ಬಿಡಬೇಡವೆಂದೂ, ಸ್ವತಂತ್ರ ಭಾರತಕ್ಕೆ ಅನುಭವಿ ಅಧಿಕಾರಿಗಳು ಬೇಕಾಗುತ್ತಾರೆಂದೂ ತಿಳಿಹೇಳಿದರು. ತಿಮ್ಮಯ್ಯ ಉಳಿದರು.

1935ರ ಜನವರಿಯಲ್ಲಿ ನೀನಾ ಅವರೊಂದಿಗೆ ಮದುವೆಯಾಯಿತು. ಅದೇ ವರ್ಷ ಮೇ ತಿಂಗಳಲ್ಲಿ, ದಂಪತಿ ಇದ್ದ ಕ್ವೆಟ್ಟಾ ನಗರ ಭೂಕಂಪದಿಂದ ನೆಲಸಮವಾಯಿತು. ಗಾಯಾಳುಗಳ ಸೇವೆ ಮಾಡಿದ ನೀನಾ ಅವರಿಗೂ ಕೈಸರ್-ಇ-ಹಿಂದ್ ಪದಕ ಬಂತು. ಅತ್ತೆಗೆ ಬಂದ ಪದಕವೇ ಸೊಸೆಗೂ ಬಂದಿತು. ಮರುವರ್ಷ ಮಗಳು ಮಿರೇಲ್ ಹುಟ್ಟಿದಳು.

ಎರಡನೆಯ ಮಹಾಯುದ್ಧ ಈ ಮನೆಯನ್ನು ಎರಡು ದಿಕ್ಕಿಗೆ ಎಳೆಯಿತು. ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ತಿಮ್ಮಯ್ಯ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಕಾದಿ, ಡಿ.ಎಸ್.ಒ. ಪದಕ ಪಡೆದು, ಯುದ್ಧಭೂಮಿಯಲ್ಲಿ ಬ್ರಿಗೇಡ್ ಮುನ್ನಡೆಸಿದ ಮೊದಲ ಭಾರತೀಯರಾದರು. 1945ರ ಸೆಪ್ಟೆಂಬರ್ 12ರಂದು ಸಿಂಗಾಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪರವಾಗಿ ಅಲ್ಲಿದ್ದವರು ತಿಮ್ಮಯ್ಯ. ಆಜಾದ್ ಹಿಂದ್ ಫೌಜ್ ಮೊದಲು ಕಟ್ಟಲ್ಪಟ್ಟದ್ದೂ ಅದೇ ಊರಿನಲ್ಲಿ. ಒಂದೇ ವಿಗ್ರಹದಲ್ಲಿ ಹರಿಯನ್ನೂ ಹರನನ್ನೂ ಪೂಜಿಸುವ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣ್ಣತಮ್ಮಂದಿರ ದಾರಿ ಬೇರೆಯಾಗಿತ್ತು, ದೇಶ ಒಂದೇ ಆಗಿತ್ತು.

ಸ್ವಾತಂತ್ರ್ಯ ಬಂದ ಬೆನ್ನಿಗೇ ಕಾಶ್ಮೀರದ ಯುದ್ಧ. ಕಿರಿಯ ತಮ್ಮ ಸೋಮಯ್ಯ ಅಲ್ಲಿ ನೆಲಬಾಂಬಿಗೆ ಬಲಿಯಾದರು. ಅದೇ ಕಾಶ್ಮೀರದ ಯುದ್ಧದಲ್ಲಿ ತಿಮ್ಮಯ್ಯ ಡಿವಿಷನ್ ಮುನ್ನಡೆಸುತ್ತಿದ್ದರು. ಲಡಾಖ್‌ಗೆ ಹೋಗುವ ಜೋಜಿಲಾ ಕಣಿವೆದಾರಿ ವೈರಿಗಳ ವಶದಲ್ಲಿತ್ತು. ಎತ್ತರ ಸುಮಾರು 11,500 ಅಡಿ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಅವರು ಗುಟ್ಟಾಗಿ ಟ್ಯಾಂಕ್ ತರಿಸಿ, 1948ರ ನವೆಂಬರ್ 1ರಂದು ದಾಳಿ ಮಾಡಿ ದಾರಿ ಬಿಡಿಸಿದರು. ಸರಿಯಾಗಿ ಎಂಟು ವರ್ಷಗಳ ನಂತರ, ಅದೇ ನವೆಂಬರ್ 1ರಂದು ಕೊಡಗೂ ನಾವೂ ಒಂದೇ ರಾಜ್ಯದವರಾದೆವು.

ಮುಂದೆ ಕೊರಿಯಾದಲ್ಲಿ ಯುದ್ಧಕೈದಿಗಳ ವಿಷಯದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಬಂದು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಒತ್ತಾಯಿಸಿದ್ದರಿಂದ ಹಿಂತೆಗೆದುಕೊಂಡರು. ನಿವೃತ್ತಿಯ ನಂತರವೂ ಮನೆಯಲ್ಲಿ ಕೂರಲಿಲ್ಲ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಂಥವರು ದಿನವೂ ಓಡಾಡುವ ರಿಚ್ಮಂಡ್ ರಸ್ತೆಗೆ ಈಗ ಅವರದೇ ಹೆಸರು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಬೇಕೆಂದು ಗುರುಗಳಲ್ಲಿ ನನ್ನ ವಿನಂತಿ.

ಇನ್ನೊಂದು ಕೋರಿಕೆ ಹಳೆಯ ವಿದ್ಯಾರ್ಥಿಗಳಲ್ಲಿ. ನಮ್ಮ ಶಾಲೆಯಿಂದ ಸೇನೆಗೆ ಹೋದವರ ಹೆಸರುಗಳನ್ನು ಒಂದು ಫಲಕದಲ್ಲಿ ಬರೆಸೋಣ. ಪ್ರತಿ ಹೆಸರಿನ ಪಕ್ಕದಲ್ಲಿ ಅವರ ತಾಯಿಯ ಹೆಸರೂ ಇರಲಿ. ಮಗನನ್ನು ಕಳಿಸಿಕೊಟ್ಟು ದಾರಿ ಕಾಯ್ದವರು ಅವರು.