ಆಟೋ ಸ್ಟ್ಯಾಂಡಿನ ಶಂಕರಣ್ಣ

ಯೂನಿಯನ್ ಕಟ್ಟಿದವನಲ್ಲ, ಮುಷ್ಕರದ ಮುಂದಾಳೂ ಅಲ್ಲ. ಆದರೂ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಕಡೆಯ ಆಟೋದೋರಿಗೆ ತಮ್ಮವನು ಅಂತ ಒಬ್ಬನಿದ್ದರೆ ಆತ ಶಂಕರ್‌ನಾಗ್!

ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರದಲ್ಲಿ. ಮುಂಬಯಿಗೆ ಹೋಗಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ. ಮೈತುಂಬ ಮರಾಠಿ ನಾಟಕದ ಹುಚ್ಚು. ಗಿರೀಶ ಕಾರ್ನಾಡರು 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಕೂಲಿಗೆ ಕಾದುವ ಸೈನಿಕನ ಪಾತ್ರ ಕೊಟ್ಟರು. ಮೊದಲ ಏಟಿಗೇ ಅಂತರರಾಷ್ಟ್ರೀಯ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು.

1980ರಲ್ಲಿ 'ಆಟೋ ರಾಜ' ಬಂತು ನೋಡಿ. ಮೀಟರ್ ಜಗಳಕ್ಕಷ್ಟೇ ನೆನಪಾಗುತ್ತಿದ್ದ ಖಾಕಿ ಅಂಗಿಯವನು ತೆರೆಯ ಮೇಲೆ ಹೀರೋ ಆದ. ಆ ಮರ್ಯಾದೆಯನ್ನು ಡ್ರೈವರುಗಳು ಇವತ್ತಿಗೂ ಮರೆತಿಲ್ಲ. ಆತ ನಿರ್ದೇಶಿಸಿದ 'ಆಕ್ಸಿಡೆಂಟ್' ಕೂಡ ಫುಟ್‌ಪಾತಿನ ಬಡವರ ಮೇಲೆ ದೊಡ್ಡವರ ಮಗ ಕಾರು ಹತ್ತಿಸಿದ ಕತೆಯೇ. ನಮ್ಮ ನಂದಿಬೆಟ್ಟಕ್ಕೆ ರೋಪ್‌ವೇ ಹಾಕಿಸಬೇಕೆಂಬ ಕನಸೂ ಆತನಿಗಿತ್ತು. ಅದಕ್ಕೆ ಶಂಕುಸ್ಥಾಪನೆ ಆದದ್ದು 2023ರಲ್ಲಿ. ಆತ 1990ರ ಸೆಪ್ಟೆಂಬರ್ 30ರಂದೇ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾಗಿದ್ದ. ವಯಸ್ಸು ಬರೀ 35.

ಆತನ ಕಾಲದಲ್ಲಿ ದಿನಬಾಡಿಗೆಗೆ ಆಟೋ ಓಡಿಸುವವನಿಗೆ ತಕರಾರಿದ್ದರೆ ಮಾಲೀಕನ ಮನೆ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಈಗಿನ ಮಾಲೀಕ ಮೊಬೈಲಿನೊಳಗೆ ಕೂತಿದ್ದಾನೆ. ಬಾಡಿಗೆ ಕೊಡುವವನೂ ಅವನೇ, ಕಮಿಷನ್ ಮುರಿಯುವವನೂ ಅವನೇ. ಐ.ಡಿ. ಬಂದ್ ಆದರೆ ಯಾರ ಬಾಗಿಲು ತಟ್ಟೋದು? 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಓಲಾ, ಉಬರ್ ಚಾಲಕರು ಇನ್ಸೆಂಟಿವ್ ಕಡಿತ ವಿರೋಧಿಸಿ ಗಾಡಿ ನಿಲ್ಲಿಸಿದರು. 2023ರ ಸೆಪ್ಟೆಂಬರ್ 11ರಂದು 32 ಸಂಘಗಳು ಕೂಡಿ ಬಂದ್ ಮಾಡಿದವು. ಬೈಕ್ ಟ್ಯಾಕ್ಸಿ ನಿಲ್ಲಿಸಿ ಅನ್ನೋದು ಮುಖ್ಯ ಬೇಡಿಕೆ. ಅಂದು ದೇವನಹಳ್ಳಿ ಏರ್‌ಪೋರ್ಟ್ ಟ್ಯಾಕ್ಸಿಗೂ ತಟ್ಟಿತು ಬಿಸಿ.

2025ರಲ್ಲಿ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಕಲ್ಯಾಣ ನಿಧಿಗೆ ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಮಾಮೂಲಿಯಾಗಿ ಕಾರಣ ಬರೆದು 14 ದಿನ ಮುಂಚೆ ನೋಟಿಸ್ ಕೊಡಬೇಕು.

ಕಾಗದದ ಮೇಲೆ ಇದು ಸಣ್ಣ ಸಂಗತಿಯಲ್ಲ. ಆದರೆ ಆ ನೋಟಿಸು ಸ್ಟ್ಯಾಂಡಿನ ಡ್ರೈವರನ ಕೈಗೆ ನಿಜಕ್ಕೂ ತಲುಪಬೇಕು. ಶಂಕರಣ್ಣ ಖಾಕಿ ತೊಟ್ಟು ಮರ್ಯಾದೆ ತಂದುಕೊಟ್ಟ. ಅನ್ನ ಕಿತ್ತುಕೊಳ್ಳುವ ಮುಂಚೆ ಕಾರಣ ಹೇಳೋದೂ ಮರ್ಯಾದೆಯೇ. ನವೆಂಬರ್ 9ಕ್ಕೆ ಫೋಟೋಗೆ ಹಾರ ಹಾಕುವ ಮಂದಿ ಕೇಳುತ್ತಿರುವುದೂ ಅಷ್ಟೇ!