ಹಕ್ಕಿಗಳ ಸಲೀಂ ಅಲಿ, ಎಮ್ಮೆಗಳ ಭರತಪುರ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿ ಏರುವ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಸಲೀಂ ಅಲಿ ಅವರ ನೆನಪಾಗುತ್ತದೆಯೋ! ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆಂದು ಬಂದಿದ್ದ ಅವರು ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟಿದ್ದ ಹಕ್ಕಿಗಳನ್ನು ಕಂಡು ಅರಸರ ಮನವೊಲಿಸಿದ್ದರಿಂದಲೇ 1940ರಲ್ಲಿ ಆ ತಾಣ ಪಕ್ಷಿಧಾಮವಾಯಿತು.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಸಲೀಂ ಅಲಿ ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಆಟದ ಬಂದೂಕಿನಿಂದ ತಾನೇ ಹೊಡೆದುರುಳಿಸಿದ ಹಳದಿ ಕೊರಳಿನ ಗುಬ್ಬಿಯೊಂದರ ಗುರುತು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲೇರಿದ ಹುಡುಗ ಮುಂದೆ ಆ ಸಂಸ್ಥೆಗೇ ಆಧಾರಸ್ತಂಭವಾದದ್ದು ಈಗ ಚಿರಪರಿಚಿತ ಕಥೆ. ಬರ್ಮಾದಲ್ಲಿ ಕುಟುಂಬದ ಗಣಿ ಹಾಗೂ ಮರದ ವ್ಯವಹಾರ ಅವರ ಕೈ ಹಿಡಿಯಲಿಲ್ಲ. ಬರ್ಲಿನ್‌ನಲ್ಲಿ ಪಕ್ಷಿಶಾಸ್ತ್ರ ಕಲಿತು ಮರಳಿದಾಗ ಇದ್ದ ಉದ್ಯೋಗವೂ ಉಳಿದಿರಲಿಲ್ಲ. ಪತ್ನಿ ತೆಹ್ಮೀನಾ 1939ರಲ್ಲಿ ತೀರಿಕೊಂಡರು. ಅದಾದ ಎರಡೇ ವರ್ಷಗಳಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಪ್ರಸಿದ್ಧ ಕೃತಿ ಹೊರಬಂದಿತು.

ಅವರ ಬದುಕಿನ ಕಠಿಣ ಪ್ರಶ್ನೆ ಎದುರಾದದ್ದು ರಾಜಸ್ಥಾನದ ಭರತಪುರದಲ್ಲಿ. ಅಲ್ಲಿನ ಕೇವಲಾದೇವ್ ಜೌಗು ಪ್ರದೇಶ ಅರಸರ ಬೇಟೆಯ ತಾಣವಾಗಿತ್ತು. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಬಲಿಯಾಗಿದ್ದವು. ಸ್ವಾತಂತ್ರ್ಯಾನಂತರ ಕೆರೆಯ ನೀರನ್ನು ಹೊಲಗಳಿಗೆ ತಿರುಗಿಸಬೇಕೆಂಬ ಕೂಗೆದ್ದಾಗ ಸಲೀಂ ಅಲಿ ಪ್ರಧಾನಿ ನೆಹರೂ ಅವರಲ್ಲಿ ಮೊರೆಯಿಟ್ಟರು. ಜೌಗು ಉಳಿಯಿತು. ರೈತರ ಬೇಡಿಕೆಯೇನೂ ಅನ್ಯಾಯದ್ದಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

1980ರ ದಶಕದ ಆರಂಭದಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1982ರಲ್ಲಿ ದನ, ಎಮ್ಮೆಗಳ ಮೇವಿಗೆ ನಿಷೇಧ ಬಿತ್ತು. ಮೇಯುವ ಜಾನುವಾರುಗಳಿಂದ ಹಕ್ಕಿಗಳ ನೆಲೆಗೆ ಹಾನಿಯೆಂಬುದು ಅಂದಿನ ತಜ್ಞರ ನಂಬಿಕೆಯಾಗಿತ್ತು; ಸಲೀಂ ಅಲಿ ಅವರೂ ಆ ನಿಷೇಧದ ಪರವಾಗಿದ್ದರು. ತಲೆಮಾರುಗಳಿಂದ ಅಲ್ಲಿಯೇ ಮೇಯಿಸುತ್ತಿದ್ದ ಗ್ರಾಮಸ್ಥರು ಪ್ರತಿಭಟನೆಗಿಳಿದರು. ಪೊಲೀಸರ ಗೋಲಿಬಾರಿಗೆ ಹಲವರು ಪ್ರಾಣತೆತ್ತರು.

ಹಕ್ಕಿಗಳಿಗಾದರೂ ಒಳಿತಾಯಿತೇ? ಉತ್ತರ ನೀಡಿದ್ದು ಸಲೀಂ ಅಲಿ ಅವರ ಸ್ವಂತ ಸಂಸ್ಥೆಯೇ. 1980ರಿಂದ ಹತ್ತು ವರ್ಷ ಅಲ್ಲಿ ನಡೆಸಿದ ಅಧ್ಯಯನದಲ್ಲಿ ಬೇರೆಯೇ ಚಿತ್ರ ಮೂಡಿತು. ಎಮ್ಮೆಗಳು ತಿಂದು ಹತೋಟಿಯಲ್ಲಿಟ್ಟಿದ್ದ ಜೌಗು ಹುಲ್ಲು, ನಿಷೇಧದ ನಂತರ ದಟ್ಟವಾಗಿ ಹಬ್ಬಿ ತೆರೆದ ನೀರನ್ನು ಮುಚ್ಚತೊಡಗಿತ್ತು. ಬಾತುಗಳಿಗೆ ಈಜಲು, ಮೇಯಲು ಜಾಗ ಕುಗ್ಗಿತು, ಮೀನುಗಳಿಗೂ ತೊಂದರೆಯಾಯಿತು. ಹಕ್ಕಿಗೆ ಎಮ್ಮೆ ವೈರಿಯಲ್ಲ, ಆಸರೆ ಎಂದು ವರದಿ ಸಾರುವ ಹೊತ್ತಿಗೆ ಸಲೀಂ ಅಲಿ ಬದುಕಿರಲಿಲ್ಲ. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡಿದ್ದ ಅವರು 1987ರಲ್ಲಿ ಮುಂಬಯಿಯಲ್ಲಿ ನಿಧನರಾದರು.

ಮುಂದೆ ಸುತ್ತಲಿನ ಹಳ್ಳಿಗರಿಗೆ ಹುಲ್ಲು ಕೊಯ್ದೊಯ್ಯಲು ಅನುಮತಿ ದೊರೆಯಿತು. ಸ್ಥಳೀಯ ಸೈಕಲ್ ರಿಕ್ಷಾ ಚಾಲಕರು ಹಕ್ಕಿಗಳನ್ನು ಗುರುತಿಸಲು ತರಬೇತಿ ಪಡೆದು, ಪ್ರವಾಸಿಗರಿಗೆ ಅವುಗಳ ಹೆಸರು ಹೇಳುತ್ತ ಆ ಉದ್ಯಾನದಿಂದಲೇ ಅನ್ನ ಸಂಪಾದಿಸತೊಡಗಿದರು.